ಕಿವಿಯಿಂದ ತುಟಿಯ ತುದಿಗೆ

ಹಾವೇರಿಯ ಜಿಲ್ಲಾಸ್ಪತ್ರೆ, ಹನ್ನೆರಡನೇ ಕೋಣೆ.
ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಇಲ್ಲ.
ನನ್ನ ಕೈಯಲ್ಲಿ ಪ್ಲಾಸ್ಟಿಕ್ ಸ್ಕೇಲು,
ಕಾಡಿಗೆ ಪೆನ್ಸಿಲ್ಲಿನ ಮೊಂಡು ತುಂಡು.
ಹುಬ್ಬಿನ ಮೇಲೊಂದು ಚುಕ್ಕಿ, ಕಣ್ಣ ಕೆಳಗೊಂದು,
ತುಟಿಯ ಎರಡು ತುದಿಗೆ ಎರಡು.
"ರಂಗೋಲಿ ಹಾಕ್ತೀಯೇನವಾ" ಅಂದಳು.
ಅಂದದ್ದು ನನಗೆ ತಿಳಿದದ್ದು ಎರಡನೇ ಸಲಕ್ಕೆ.

ಹೆಸರು?
"ಹಕ್ಕೀರವ್ವ."
ಊರು?
"ಯಾಡಗಿ."
ಕೆಲಸ?
"ಎಣಸಿನಕಾಯಿ ತೊಟ್ಟು ಉರಿಯೂದು."

ಪ ಫ ಬ ಭ ಮ.
ಒಂದನೇ ಇಯತ್ತೆಯಲ್ಲಿ ನಾನು ಕೂಗಿ ಕಲಿತ ಸಾಲು
ಒಂದೇ ರಾತ್ರಿಗೆ ಅವಳ ತುಟಿ ಬಿಟ್ಟು ಹೋಗಿತ್ತು.
ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ನೀರು
ಎಡಕ್ಕೆ ತಾನೇ ದಾರಿ ಮಾಡಿಕೊಂಡಿತಂತೆ.
ಗಾಳಿ ಬಡದೈತಿ ಅಂದರು ಓಣಿಯವರು,
ಪಾರಿವಾಳದ ರಗತ ಹಚ್ಚು ಅಂದವರೂ ಇದ್ದರು.
ಅವಳು ತುಟಿ ಕೂಡದ ಮಾತುಗಳನ್ನೇ
ಕಾಳು ಆರಿಸಿದಂತೆ ಆರಿಸಿ ಆಡತೊಡಗಿದಳು:
ಮೊಮ್ಮಗನಿಗೆ 'ಬಾ' ಬಿಟ್ಟು 'ಇಲ್ಲಿ',
'ಬ್ಯಾಡ' ಬಿಟ್ಟು 'ಒಲ್ಲೆ'.

ಕಣ್ಣು ಮುಚ್ಚು ಅಂದೆ.
ಬಲಗಣ್ಣು ಮುಚ್ಚಿತು.
ಎಡಗಣ್ಣಿನ ಕರಿಗುಡ್ಡೆ ಮೇಲೆ ಹೋಗಿ ಅಡಗಿತು,
ರೆಪ್ಪೆ ನಿಂತಲ್ಲೇ ನಿಂತಿತು.
ಸಂದು: ಆರು ಮಿಲಿಮೀಟರ್.
ಒಂದು ಅಕ್ಕಿಕಾಳಿನ ಉದ್ದ.
ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನ ಘಾಟು ಒಳಬರಲು
ಅಷ್ಟು ಬಾಗಿಲು ಸಾಕು.
ಒದ್ದೆ ಸೆರಗು ಎಡಗಣ್ಣಿಗೆ ಬಿಗಿದುಕೊಂಡು
ಒಂಟಿಗಣ್ಣಲ್ಲೇ ಚೀಲ ಖಾಲಿ ಮಾಡಿದಳು.
ರಜೆ ತಗೋ ಅಂದದ್ದಕ್ಕೆ
ಸ್ಕೇಲಿನ ಕಡೆ ನೋಡಿದಳು, ನನ್ನ ಕಡೆ ಅಲ್ಲ.

ನಗು ಅಂದೆ.
"ಯಾಕ?"
ಫಾರ್ಮಿನಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ.
ಹಲ್ಲು ಕಾಣುವ ಹಾಗೆ, ಇಷ್ಟಗಲ,
ನಾನೇ ನಕ್ಕು ತೋರಿಸಿದೆ.
ಬಲಗಡೆ ಹದಿನಾಲ್ಕು.
ಎಡತುದಿ ತಾನು ಸರಿಯದೆ ಬಲಕ್ಕೆ ಎಳಸಿಕೊಂಡು ಹೋಯಿತು.
ಮೈನಸ್ ಎರಡು, ಬರೆದುಕೊಂಡೆ.

ಆಮೇಲೆ ಸೊನ್ನೆ. ಸೊನ್ನೆ. ಒಂದು. ಮತ್ತೆ ಒಂದು.
ಸೋಮವಾರ ಸೋಮವಾರ
ಕಿವಿಯಿಂದ ತುಟಿಯ ತುದಿಗೆ,
ಗೆರೆಗೊಂದು ದಿನದ ಕೂಲಿ.
ಅವಳ ಅಳತೆಯೇ ಬೇರೆ:
ಚಹಾ ಕುಡಿದರೆ ಕುಪ್ಪಸಕ್ಕೆ ಎಷ್ಟು ಹನಿ,
ಎಡದವಡೆಯ ಸಂದಿಯಲ್ಲಿ ರೊಟ್ಟಿ ಎಷ್ಟು ಹೊತ್ತು,
ಮೊಮ್ಮಗ ಹೆದರದೆ ಎಷ್ಟು ಹತ್ತಿರ.

ನಾಲ್ಕು ತಿಂಗಳಾದ ಮೇಲೆ ಎಡಗಡೆ ಒಂಬತ್ತಕ್ಕೆ ಬಂತು.
ಬಂತು ಸರಿ,
ನಕ್ಕರೆ ಎಡಗಣ್ಣೂ ಮುಚ್ಚುತ್ತದೆ.
ಹೊಸದಾಗಿ ಚಿಗುರಿದ ನರದ ಎಳೆಯೊಂದು
ತುಟಿಗೆಂದು ಹೊರಟು ಕಣ್ಣಿನ ಕದ ತಟ್ಟಿದೆ.
ಇನ್ನೊಂದು, ಜೊಲ್ಲಿಗೆಂದು ಹೊರಟದ್ದು,
ಕಣ್ಣೀರಿನ ಮನೆ ಸೇರಿದೆ:
ಉಣ್ಣಲು ಕೂತರೆ ಎಡಗಣ್ಣಲ್ಲಿ ಧಾರೆ.

ಸೊಸೆ ಕಲಾವತಿ ಮೊದಲು ಖಾರ ಕಡಿಮೆ ಮಾಡಿದಳು,
ಆಮೇಲೆ ಮಾತು ಕಡಿಮೆ ಮಾಡಿದಳು,
ಕಡೆಗೆ ನನ್ನ ಕೋಣೆಗೇ ಬಂದಳು:
"ನಾ ಏನ್ ಅಂದೀನಿ ಹೇಳ್ರಿ,
ದಿನಾ ತಾಟಿನ ಮುಂದ ಅಳ್ತಾಳ."
ನರದ ಕತೆ ಹೇಳಿದೆ, ಚಿತ್ರ ಬರೆದು ತೋರಿಸಿದೆ.
ಅವಳು ಅತ್ತಳು, ಎರಡೂ ಕಣ್ಣಲ್ಲಿ.
ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು
ಯಾರೂ ನಗು ಅನ್ನದೆ ನಕ್ಕಳು,
ಒಂದು ಕಣ್ಣು ಮುಚ್ಚಿ, ಕಣ್ಣು ಹೊಡೆದ ಹಾಗೆ.
ಸ್ಕೇಲು ಡ್ರಾಯರಿನಲ್ಲಿತ್ತು.
ಫಾರ್ಮಿನ ಅಂಚಿನಲ್ಲಿ ಬರೆದೆ:
ಉಣ್ಣುವಾಗ. ಎಡ.

ಕೊನೆಯ ಸೋಮವಾರ, ಫೈಲು ಕಟ್ಟುವ ಮೊದಲು,
ರೂಢಿಗೆ ಕೇಳಿದೆ: ಹೆಸರು?
ತುಟಿ ಎರಡೂ ಕೂಡಿದವು, ಎಡಕ್ಕೆ ತುಸು ತಡವಾಗಿ,
ಕೆನ್ನೆಯ ಒಳಗೆ ಗಾಳಿ ನಿಂತಿತು.
"ಫಕ್ಕೀರವ್ವ!"
ಉಗುಳಿನ ಹನಿಯೊಂದು ಸಿಡಿದು
ನನ್ನ ಕನ್ನಡಕದ ಮೇಲೆ ಬಿತ್ತು.
ಒರೆಸಿಕೊಳ್ಳುವಷ್ಟರಲ್ಲಿ ಸೆರಗಿನ ಗಂಟು ಬಿಚ್ಚಿ
ಒಂದು ಹಿಡಿ ಮೆಣಸಿನಕಾಯಿ ಮೇಜಿಗೆ ಸುರಿದಳು,
ಸುಕ್ಕು ಸುಕ್ಕಾದವು, ತೊಟ್ಟು ಮುರಿದವು.
ನಾನು ಕೈ ಅಡ್ಡ ತಂದೆ.
"ಬ್ಯಾಡ ಅನಬ್ಯಾಡ ಬೇ," ಅಂದಳು.